ಆಲ್ಕೋಯ್‌ನ ಮೋರೋಗಳು ಎಲ್ಲಿಗೆ ಹೋದರು?

ಏಪ್ರಿಲ್ ಕೊನೆಯ ವಾರ ಬಂತೆಂದರೆ ಪುಣೆಯ ನಮ್ಮ ಕನ್ನಡ ಬಳಗದ ವಾಟ್ಸ್ಯಾಪ್ ಗುಂಪಿಗೆ ಆ ವಿಡಿಯೋ ತಪ್ಪದೆ ಬಂದು ಬೀಳುತ್ತದೆ. ಸ್ಪೇನಿನ ಆಲ್ಕೋಯ್ ಎಂಬ ಊರಿನ ಮೆರವಣಿಗೆ. ಗರಿ ಸಿಕ್ಕಿಸಿದ ಪೇಟ, ಚಿನ್ನದ ಕಸೂತಿಯ ನಿಲುವಂಗಿ, ಹೆಗಲಿಗೆ ಹೆಗಲು ತಾಗಿಸಿಕೊಂಡು ತೂಗುತ್ತಾ ಬರುವ ಸಾಲು, ಹಿಂದೆ ನಗಾರಿಯ ಸದ್ದು. ಕೆಳಗಿನ ಒಕ್ಕಣೆ ವರ್ಷ ವರ್ಷಕ್ಕೂ ಸ್ವಲ್ಪ ಬದಲಾದರೂ ಭಾವ ಒಂದೇ: ಮುಸ್ಲಿಮರನ್ನು ಸೋಲಿಸಿದ ನೆನಪನ್ನು ಇವರು ಎಷ್ಟು ಹೆಮ್ಮೆಯಿಂದ ಉಳಿಸಿಕೊಂಡಿದ್ದಾರೆ ನೋಡಿ, ನಾವು ಮಾತ್ರ ಬಾಯಿ ಮುಚ್ಚಿಕೊಂಡು ಕೂತಿದ್ದೇವೆ. ಈ ಸಲ ಒಕ್ಕಣೆಯ ಬೆನ್ನಿಗೇ ಒಂದು ಪ್ರಸ್ತಾಪವೂ ಬಂತು. ರಾಜ್ಯೋತ್ಸವಕ್ಕೆ ಮೈದಾನ ಬಾಡಿಗೆ ಹಿಡಿದು, ಕೋಟೆ ಕಟ್ಟಿ, ಎರಡು ಸೈನ್ಯ ಮಾಡಿ, 1520ರ ರಾಯಚೂರು ಯುದ್ಧವನ್ನು ಆಡಿ ತೋರಿಸೋಣ, ಆಲ್ಕೋಯ್ ಮಾದರಿಯಲ್ಲಿ. ಹದಿನೇಳು ಜನ ಹೆಬ್ಬೆರಳು ಎತ್ತಿದರು.

ನಾನು ಎತ್ತಲಿಲ್ಲ. ಆ ಹಬ್ಬ ಕಂಡರಾಗದು ಎಂದಲ್ಲ. ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟ್ ಒಂದರ ಸಲುವಾಗಿ ವಲೆನ್ಸಿಯಾದಲ್ಲಿ ಎರಡು ತಿಂಗಳಿದ್ದಾಗ, ಅಲ್ಲಿನ ಸಹೋದ್ಯೋಗಿಯ ಮಾತು ಕೇಳಿ ರಜೆ ಹಾಕಿ ಆಲ್ಕೋಯ್‌ಗೆ ಹೋಗಿ ಬಂದೆ. ಈಗಲೂ ಹೇಳುತ್ತೇನೆ, ಬೀದಿಯಲ್ಲಿ ನಿಂತು ನೋಡಿದ ಹಬ್ಬಗಳಲ್ಲಿ ಅದಕ್ಕೆ ಸರಿಸಾಟಿ ನಾನು ಕಂಡಿದ್ದು ಕಡಿಮೆ. ಆದರೆ ವಿಡಿಯೋ ಕಳಿಸುವವರು ಹೇಳುವ ಹಬ್ಬ ಅದಲ್ಲ.

ಆಲ್ಕೋಯ್ ಬೆಟ್ಟಗಳ ನಡುವಿನ ಕೈಗಾರಿಕೆಯ ಊರು. ಸುಮಾರು 60 ಸಾವಿರ ಜನ, ಆಳವಾದ ಕಣಿವೆಗಳು, ಅವುಗಳ ಮೇಲೆ ಸೇತುವೆಗಳು, ಒಂದು ಕಾಲಕ್ಕೆ ಬಟ್ಟೆ ಮತ್ತು ಕಾಗದದ ಗಿರಣಿಗಳು. ಹಬ್ಬ ಸಾಂಪ್ರದಾಯಿಕವಾಗಿ ಏಪ್ರಿಲ್ 22ರಿಂದ 24ರವರೆಗೆ. ಈಸ್ಟರ್ ಅಡ್ಡ ಬಂದರೆ ಹಿಂದೆ ಮುಂದೆ ಆಗುತ್ತದೆ. ಮೊದಲ ದಿನ ಸೈನ್ಯಗಳ ಪ್ರವೇಶ, ಎರಡನೆಯ ದಿನ ಊರ ಪೋಷಕ ಸಂತ ಜಾರ್ಜನದು, ಮೂರನೆಯ ದಿನ ಯುದ್ಧ. ಇಡೀ ಹಬ್ಬವನ್ನು ಹೊತ್ತಿರುವುದು 'ಫಿಲಾ' ಎಂಬ ಸಂಘಗಳು: ಕ್ರೈಸ್ತರ ಕಡೆ 14, ಮೋರೋಗಳ ಕಡೆ 14. ಮೋರೋ ಎಂದರೆ ಮುಸ್ಲಿಮ್ ಎಂದು ಸದ್ಯಕ್ಕೆ ಇಟ್ಟುಕೊಳ್ಳಿ. ಫಿಲಾಕ್ಕೆ ಸ್ವಂತ ಮನೆ, ಅಡುಗೆ, ವರ್ಷವಿಡೀ ಊಟದ ಕೂಟಗಳು, ಕಾಫಿ ಬೆರೆಸಿದ ಮದ್ಯ. ಕ್ಯಾಪ್ಟನ್ ಪಟ್ಟ ಸರದಿಯ ಮೇಲೆ ಬರುತ್ತದೆ. ಒಂದು ಫಿಲಾಕ್ಕೆ ಒಮ್ಮೆ ಬಂದರೆ ಮತ್ತೆ ಬರುವುದು 14 ವರ್ಷಕ್ಕೆ. ಆ ಒಂದು ದಿನದ ಉಡುಪಿಗೆ, ಕುದುರೆಗಳಿಗೆ, ನೃತ್ಯ ತಂಡಗಳಿಗೆ ಮನೆತನಗಳು ವರ್ಷಗಟ್ಟಲೆ ದುಡ್ಡು ಕೂಡಿಡುತ್ತವೆ.

ನಮ್ಮವರು ಗಮನಿಸದ ಮೊದಲ ಸಂಗತಿ: ಆ ವಿಡಿಯೋದಲ್ಲಿ ಕಾಣುವ ಪೇಟ, ಕಸೂತಿ, ಬಾಯಲ್ಲಿ ದಪ್ಪ ಚುಟ್ಟಾ ಇಟ್ಟುಕೊಂಡ ಆ ಗತ್ತು, ಎಲ್ಲವೂ ಮೋರೋಗಳದ್ದು. ಬೆಳಿಗ್ಗೆ ಕ್ರೈಸ್ತರ ಪ್ರವೇಶ, ಸಂಜೆ ಬಿಸಿಲು ಇಳಿದ ಮೇಲೆ ಮೋರೋಗಳದು. ಜನ ಕಾಯುವುದು ಸಂಜೆಗೆ. ಅವರಿಗೆಂದೇ ಬೇರೆ ಸಂಗೀತವಿದೆ, ನಿಧಾನಗತಿಯ ಮೋರೋ ಮಾರ್ಚ್. ಆ ಲಯ ಎದೆಗೆ ಬಡಿಯುತ್ತದೆ, ಸಾಲಿನ ಮುಂದೆ ಕತ್ತಿ ತಿರುಗಿಸುತ್ತ ಬರುವ ಮುಖಂಡನಿಗೆ ಬಾಲ್ಕನಿಗಳಿಂದ ಚಪ್ಪಾಳೆ. ನನ್ನ ಸಹೋದ್ಯೋಗಿಯ ಅಜ್ಜ, ಅಪ್ಪ, ಅವನು, ಅವನ ಮಗ ಎಲ್ಲರೂ ಮೋರೋ ಫಿಲಾದವರು. ಭಾನುವಾರ ಚರ್ಚಿಗೆ ಹೋಗುವ ಕುಟುಂಬ ಅದು. 'ಸೋತವರ ಕಡೆ ಇದ್ದೀಯಲ್ಲ' ಎಂದು ರೇಗಿಸಿದ್ದಕ್ಕೆ, ಪ್ರಶ್ನೆಯೇ ಅರ್ಥವಾಗದವನಂತೆ ನೋಡಿದ. ಇದನ್ನು ಗೆಲುವಿನ ಹೆಮ್ಮೆ ಎಂದು ಫಾರ್ವರ್ಡ್ ಮಾಡುವವರಿಗೆ ಏನು ಹೇಳುವುದು?

ಎರಡನೆಯ ಸಂಗತಿ, ಇದು 'ಅಂದಿನಿಂದ ಇಂದಿನವರೆಗೆ ಅಖಂಡವಾಗಿ ಬಂದ ನೆನಪು' ಎಂಬ ಮಾತು. ಮೂರನೆಯ ದಿನದ ಯುದ್ಧ ನೋಡಿದರೆ ಸಾಕು. ಕಥೆ ನಡೆಯುವುದು 1276ರಲ್ಲಿ. ಇವರು ಹೊಡೆದಾಡುವುದು ಬಂದೂಕಿನಲ್ಲಿ. ಮದ್ದಿನ ಹೊಗೆಗೆ ಎದುರಿನ ಮನೆ ಕಾಣುವುದಿಲ್ಲ, ಕಿವಿಗೆ ಹತ್ತಿ ಇಟ್ಟುಕೊಳ್ಳದಿದ್ದರೆ ಕತೆ ಮುಗಿಯಿತು. ಕ್ರೈಸ್ತರ ಪಡೆಯಲ್ಲಿ 'ಆಂದಲೂಸಿಯಾದವರು' ಎಂಬ ಫಿಲಾ ಇದೆ. ಅವರ ವೇಷ 19ನೇ ಶತಮಾನದ ಕಳ್ಳಸಾಗಣೆದಾರರದ್ದು. ಬಾಸ್ಕರಿದ್ದಾರೆ, ಅಸ್ತೂರಿಯಾದವರಿದ್ದಾರೆ, ಆಲ್ಕೋಯ್‌ಗೆ ಅವರೇಕೆ ಬಂದರೋ ಸಂತ ಜಾರ್ಜನೇ ಬಲ್ಲ. ಮೋರೋಗಳ ಕಡೆ ಬರ್ಬರರು, ಗ್ರನಾಡಾದ ಅಬೆನ್‌ಸೆರಾಹೆ ಮನೆತನದವರು, ಮತ್ತೆ 'ಯಹೂದಿಗಳು' ಎಂಬ ಇನ್ನೊಂದು ಫಿಲಾ! ರಾಜಾಜ್ಞೆ ಹೊರಡಿಸಿ 1492ರಲ್ಲಿ ದೇಶದಿಂದ ಓಡಿಸಿದ ಯಹೂದಿಗಳಿಗೂ ಹಬ್ಬದಲ್ಲಿ ಮೋರೋ ಕಡೆ ಒಂದು ಸಾಲು ಸಿಕ್ಕಿದೆ. ಹಬ್ಬದ ದಾಖಲೆ 17ನೇ ಶತಮಾನದಿಂದ ಸಿಗುತ್ತದೆ. ಇವತ್ತು ಕಾಣುವ ರೂಪ, ಸಂಗೀತ, ಸಂಭಾಷಣೆ ಹೆಚ್ಚಾಗಿ 19ನೇ ಶತಮಾನದವು, ಗಿರಣಿಗಳು ದುಡ್ಡು ಮಾಡುತ್ತಿದ್ದ ಕಾಲದವು. ಅದರಲ್ಲಿ ತಪ್ಪೇನಿಲ್ಲ, ಹಬ್ಬಗಳು ಹಾಗೇ ಬೆಳೆಯುವುದು. ಅದನ್ನು ಇತಿಹಾಸ ಎಂದು ಮಾರಬಾರದು ಅಷ್ಟೆ.

ಹಾಗಾದರೆ ಇತಿಹಾಸ ಏನು? ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ, ಇದು ಆಲ್ಕೋಯ್‌ನವರ ಮೇಲಿನ ಸಿಟ್ಟು.

ಹಬ್ಬದ ಕಥೆ ಸರಳ. ಅಲ್-ಅಜ್ರಕ್ ಎಂಬ ಮೋರೋ ನಾಯಕ ಊರಿನ ಮೇಲೆ ದಾಳಿ ಮಾಡುತ್ತಾನೆ, ಸಂತ ಜಾರ್ಜ್ ಕೋಟೆಯ ಮೇಲೆ ಕಾಣಿಸಿಕೊಳ್ಳುತ್ತಾನೆ, ಊರು ಉಳಿಯುತ್ತದೆ. ಆದರೆ ಆ ಊರಿಗೆ ಆಗ ವಯಸ್ಸೆಷ್ಟು? ಇಪ್ಪತ್ತು ವರ್ಷ. ಆಲ್ಕೋಯ್ ಪಟ್ಟಣವನ್ನು ಕ್ರೈಸ್ತ ವಲಸಿಗರಿಗಾಗಿ ಹುಟ್ಟುಹಾಕಿದ್ದು 1256ರಲ್ಲಿ, ಅರಗಾನಿನ ದೊರೆ ಮೊದಲನೆಯ ಜಾಯ್ಮೆ ಆ ನಾಡನ್ನು ಗೆದ್ದ ಮೇಲೆ. ಸುತ್ತಲ ಕಣಿವೆಗಳ ಹಳ್ಳಿಗಳಲ್ಲಿ ತಲೆತಲಾಂತರದಿಂದ ಉಳುತ್ತಿದ್ದವರು ಮುಸ್ಲಿಮರು. ಅಂದರೆ ದಾಳಿ ಮಾಡಿದವನು ಆ ನೆಲದವನು, ದಾಳಿಗೊಳಗಾದವರು ನಿನ್ನೆ ಮೊನ್ನೆ ಬಂದವರು. ಮರದ ಕೋಟೆಯ ಮುಂದೆ ನಿಂತು ನೋಡುವವನಿಗೆ ಇದು ಉಲ್ಟಾ ಕಾಣುತ್ತದೆ.

ಅಲ್-ಅಜ್ರಕ್ ಬರೀ ಕುದುರೆ ಏರಿ ಬಂದ ದಾಳಿಕೋರನೂ ಅಲ್ಲ. 1245ರ ಸುಮಾರಿಗೆ ಅವನೂ ಜಾಯ್ಮೆಯ ಮಗ ರಾಜಕುಮಾರ ಅಲ್ಫೋನ್ಸೋನೂ ಒಂದು ಒಪ್ಪಂದ ಮಾಡಿಕೊಂಡರು. ಆ ಪತ್ರ ಬಾರ್ಸಿಲೋನಾದ ದಾಖಲೆ ಭಂಡಾರದಲ್ಲಿ ಇಂದಿಗೂ ಇದೆ. ಒಂದೇ ಹಾಳೆ, ಒಂದು ಸಾಲು ಅರಬ್ಬಿ, ಒಂದು ಸಾಲು ಅಲ್ಲಿನ ರೋಮನ್ ಮೂಲದ ಭಾಷೆ. ವಿದ್ವಾಂಸರು ಎರಡನ್ನೂ ಕೂಡಿಸಿ ಓದಿದಾಗ ಕಂಡದ್ದೇನೆಂದರೆ ಎರಡು ಭಾಷೆಗಳೂ ಒಂದೇ ಮಾತು ಹೇಳುವುದಿಲ್ಲ. ಒಂದರಲ್ಲಿ ಅವನು ರಾಜನ ಅಧೀನ ಸಾಮಂತನಾಗುತ್ತಾನೆ, ಇನ್ನೊಂದರಲ್ಲಿ ಕೆಲವು ವರ್ಷದ ಮಟ್ಟಿಗೆ ಒಂದು ಏರ್ಪಾಡಿಗೆ ಒಪ್ಪುತ್ತಾನೆ. ಇಪ್ಪತ್ತು ವರ್ಷದಿಂದ ಕ್ಲೈಂಟುಗಳ ಜೊತೆ ಕಾಂಟ್ರಾಕ್ಟ್ ಓದುತ್ತಿರುವ ನನಗೆ ಆ ಹಾಳೆಯಷ್ಟು ರೋಚಕವಾದ ವಸ್ತು ಇನ್ನೊಂದಿಲ್ಲ. ಎರಡೂ ಕಡೆಯವರು ಸಹಿ ಹಾಕಿ, ತಮಗೆ ಬೇಕಾದ್ದೇ ಬರೆದಿದೆ ಎಂದು ನಂಬಿ ಮನೆಗೆ ಹೋಗುತ್ತಾರೆ. ಮುಂದೆ ಏನಾಗುತ್ತದೆ ಎಂದು ನಮ್ಮ ವೃತ್ತಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಅಲ್ಲೂ ಹಾಗೇ ಆಯಿತು. ಬಂಡಾಯ, ದಶಕದ ಹೊಡೆದಾಟ, 1258ರಲ್ಲಿ ಗಡೀಪಾರು, 1276ರಲ್ಲಿ ವಾಪಸು ಬಂದು ಆಲ್ಕೋಯ್ ಎದುರು ಸಾವು.

ಹಬ್ಬದ ಯುದ್ಧಕ್ಕೆ ಮುಂಚೆ ಒಂದು ದೃಶ್ಯವಿದೆ. ಮೋರೋ ದೂತ ಕುದುರೆ ಓಡಿಸಿಕೊಂಡು ಬಂದು ಪತ್ರ ಕೊಡುತ್ತಾನೆ, ಕ್ರೈಸ್ತ ನಾಯಕ ಅದನ್ನು ಹರಿದು ಎಸೆಯುತ್ತಾನೆ. ಭಾರೀ ಚಪ್ಪಾಳೆ. ಆಮೇಲೆ ರಾಯಭಾರ, ಪದ್ಯದಲ್ಲಿ ವಾದ, ಬೆಳಿಗ್ಗೆ ಮೋರೋಗಳು ಕೋಟೆ ಗೆಲ್ಲುತ್ತಾರೆ, ಮಧ್ಯಾಹ್ನ ಕ್ರೈಸ್ತರು ಮರಳಿ ಪಡೆಯುತ್ತಾರೆ, ಕತ್ತಲಾಗುವಾಗ ಸಂತ ಜಾರ್ಜನ ವೇಷದ ಪುಟ್ಟ ಮಗು ಕೋಟೆಯ ನೆತ್ತಿಯಿಂದ ಬಾಣ ಬಿಡುತ್ತದೆ. ಹರಿದು ಎಸೆಯುವ ಪತ್ರಕ್ಕೆ ಅಲ್ಲಿ ಜಾಗವಿದೆ, ಸಹಿಯಾದ ಪತ್ರಕ್ಕಿಲ್ಲ. ಅದೇ 1276ರ ಜೂನ್‌ನಲ್ಲಿ ಲ್ಯುಚೆಂಟ್ ಬಳಿ ಇದೇ ಬಂಡಾಯಗಾರರ ಕೈಯಲ್ಲಿ ಕ್ರೈಸ್ತ ಸೈನ್ಯ ತಿಂದ ಭಾರೀ ಪೆಟ್ಟಿಗೂ ಇಲ್ಲ, ಮುಂದಿನ ತಿಂಗಳು ಜಾಯ್ಮೆಯೇ ತೀರಿಕೊಂಡದ್ದಕ್ಕೂ ಇಲ್ಲ. ಕಥೆ ಗೆಲುವಿನ ಸಂಜೆಗೆ ಸರಿಯಾಗಿ ಮುಗಿಯುತ್ತದೆ. 'ಅದು ಸ್ಕೋಪ್‌ನಲ್ಲಿಲ್ಲ' ಎನ್ನುತ್ತೇವಲ್ಲ ಮೀಟಿಂಗುಗಳಲ್ಲಿ, ಹಾಗೆ.

ಸ್ಕೋಪ್‌ನ ಹೊರಗೆ ಬಿಟ್ಟ ದೊಡ್ಡ ಸಂಗತಿ ಬೇರೆಯೇ ಇದೆ. ಸೋತ ಆ ಜನ ಎಲ್ಲಿಗೆ ಹೋದರು?

ಎಲ್ಲಿಗೂ ಹೋಗಲಿಲ್ಲ. ಇನ್ನೂ ಮುನ್ನೂರು ವರ್ಷಕ್ಕೂ ಮೇಲೆ ಅಲ್ಲೇ ಇದ್ದರು. ಬೆಟ್ಟಕ್ಕೆ ಮೆಟ್ಟಿಲು ಹೊಲ ಕಡಿದು, ಕಾಲುವೆ ತೋಡಿ ಬದುಕಿದರು. 1520ರ ದಶಕದಲ್ಲಿ ಬಲವಂತದಿಂದ ಅವರಿಗೆಲ್ಲ ದೀಕ್ಷಾಸ್ನಾನ ಮಾಡಿಸಿ ಕ್ರೈಸ್ತರನ್ನಾಗಿಸಲಾಯಿತು. ಅಲ್ಲಿಂದ ಮುಂದೆ ಅವರ ಹೆಸರು ಮೊರಿಸ್ಕೋ. 1609ರ ಸೆಪ್ಟೆಂಬರ್ 22ರಂದು ವಲೆನ್ಸಿಯಾದಲ್ಲಿ ಮೂರನೆಯ ಫಿಲಿಪ್ ದೊರೆಯ ಆಜ್ಞೆ ಸಾರಲಾಯಿತು: ಹೊರಡಿ. ಕಾಗದದ ಮೇಲೆ ಕ್ರೈಸ್ತರಾಗಿ ಎಂಬತ್ತು ವರ್ಷ ದಾಟಿದ್ದ ಜನ, ಕೈಯಲ್ಲಿ ಹೊರಬಹುದಾದಷ್ಟು ಹೊತ್ತುಕೊಂಡು ದೇನಿಯಾ, ಅಲಿಕಾಂತೆ ಬಂದರುಗಳಿಗೆ ನಡೆದು ಹಡಗು ಹತ್ತಿದರು. ವಲೆನ್ಸಿಯಾ ಸೀಮೆಯ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು, ಒಂದು ಲಕ್ಷಕ್ಕೂ ಮೇಲೆ. 1614ರ ಹೊತ್ತಿಗೆ ಇಡೀ ಸ್ಪೇನಿನಿಂದ ಸುಮಾರು ಮೂರು ಲಕ್ಷ. ಕೆಲವರು ಲಗ್ವಾರ್ ಕಣಿವೆಯಲ್ಲಿ ಎದುರು ನಿಂತು ಸತ್ತರು. ಬಂದರುಗಳಲ್ಲಿ ಹಡಗು ಹತ್ತುವ ದೃಶ್ಯಗಳನ್ನು ಕೆಲವೇ ವರ್ಷಗಳಲ್ಲಿ ದೊಡ್ಡ ಕ್ಯಾನ್ವಾಸುಗಳ ಮೇಲೆ ಬರೆಸಿಟ್ಟದ್ದೂ ಇದೆ, ಸಾಧನೆಯ ದಾಖಲೆಯಾಗಿ.

ಆಲ್ಕೋಯ್‌ನಿಂದ ಕಾರಿನಲ್ಲಿ ಪೂರ್ವದ ಬೆಟ್ಟಗಳಿಗೆ ಹೋದರೆ ಅಲ್-ಅಜ್ರಕ್‌ನ ಸ್ವಂತ ಸೀಮೆಯಾಗಿದ್ದ ಆಲ್ಕಲಾ ಕಣಿವೆ ಸಿಗುತ್ತದೆ. ಅಲ್ಲಿ ಅತ್ಸುವಿಯೆತಾ ಎಂಬ ಹಾಳು ಹಳ್ಳಿಯಿದೆ. ಮೊರಿಸ್ಕೋಗಳು ಬಿಟ್ಟುಹೋದದ್ದು. ಚಾವಣಿ ಕುಸಿದ ಕಲ್ಲಿನ ಮನೆಗಳು, ಕಮಾನಿನ ಬಾಗಿಲು, ಒಳಗೆ ಬೆಳೆದ ಮುಳ್ಳುಗಿಡ. ಸಹೋದ್ಯೋಗಿ ಕರೆದುಕೊಂಡು ಹೋಗಿದ್ದ. ಮೂರು ದಿನದ ಬಂದೂಕಿನ ಸದ್ದು ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿತ್ತು. ಅಲ್ಲಿ ಮೇಕೆಯ ಗಂಟೆಯೂ ಇರಲಿಲ್ಲ.

ಇಷ್ಟು ತಿಳಿದ ಮೇಲೆ ಆಲ್ಕೋಯ್‌ನ ಹಬ್ಬ ಯಾಕೆ ಅಷ್ಟು ನಿರಾಳವಾಗಿದೆ ಎಂಬುದು ಅರ್ಥವಾಗುತ್ತದೆ. ಒಬ್ಬ ಕ್ಯಾಥೊಲಿಕ್ ಗಿರಣಿ ಮಾಲೀಕ ಖುಷಿಯಿಂದ ಮೋರೋ ಪೇಟ ಸುತ್ತಿಕೊಂಡದ್ದು ಆ ಪೇಟವನ್ನು ದಿನವೂ ಸುತ್ತುವವನು ಪಕ್ಕದ ಮನೆಯಲ್ಲಿ ಇಲ್ಲದ ಕಾರಣಕ್ಕೆ. ಅವನಿಗೆ ಬೇಜಾರಾದೀತೇ, ನಾಳೆ ಅವನ ಮಗನಿಗೆ ಶಾಲೆಯಲ್ಲಿ ಯಾರಾದರೂ ಏನಾದರೂ ಅಂದಾರೇ ಎಂದು ಕೇಳಿಕೊಳ್ಳಬೇಕಾದ ಪ್ರಮೇಯವೇ ಇರಲಿಲ್ಲ. ಎದುರಾಳಿಯನ್ನು 1609ರಲ್ಲೇ ಹಡಗು ಹತ್ತಿಸಿ ಆಗಿತ್ತು. ಹಬ್ಬದ ಸೊಗಸಿನ ಬಿಲ್ಲು ಅಲ್ಲಿ ಪಾವತಿಯಾಗಿದೆ, ಬೇರೆಯವರ ಲೆಕ್ಕದಲ್ಲಿ.

ಈಗ ಪರಿಸ್ಥಿತಿ ಬದಲಾಗುತ್ತಿದೆ. ಮೊರಾಕ್ಕೊದಿಂದ, ಅಲ್ಜೀರಿಯಾದಿಂದ ದುಡಿಯಲು ಬಂದವರು ಆ ಪ್ರಾಂತದ ಊರುಗಳಲ್ಲೆಲ್ಲ ಇದ್ದಾರೆ. ಸ್ಪೇನಿನ ಬೀದಿಯಲ್ಲಿ 'ಮೋರೋ' ಅನ್ನುವುದು ಅವರಿಗೆ ಹಾಕುವ ಬೈಗುಳವೂ ಹೌದು. ಹಬ್ಬದ ದಿನ ಚಪ್ಪಾಳೆ ಗಿಟ್ಟಿಸುವ ಪದ ಮರುದಿನ ಕೆಲಸ ಕೇಳಲು ಹೋದವನ ಮುಖಕ್ಕೆ ಬೀಳುತ್ತದೆ. ಇದನ್ನು ಅಲ್ಲಿನವರು ಗಮನಿಸಿಲ್ಲ ಎಂದಲ್ಲ. ಹತ್ತಿರದ ಬೊಕೈರೆಂಟ್‌ನಲ್ಲಿ ಹಬ್ಬದ ಕೊನೆಗೆ 'ಮಹೋಮಾ' ಎಂಬ ಗೊಂಬೆಯ ತಲೆಯನ್ನು ಮದ್ದಿಟ್ಟು ಸಿಡಿಸುವ ರೂಢಿಯಿತ್ತು. ಡೆನ್ಮಾರ್ಕಿನ ವ್ಯಂಗ್ಯಚಿತ್ರಗಳ ಗಲಾಟೆಯ ಬೆನ್ನಿಗೆ, 2006ರಲ್ಲಿ, ಅದನ್ನು ಕೈಬಿಟ್ಟರು. ಸಂಪ್ರದಾಯ ಹಾಳಾಯಿತು ಎಂದು ಕೂಗಾಡಿದವರೂ ಇದ್ದರು. ಗೊಂಬೆ ಸಿಡಿಯದಿದ್ದರೂ ಹಬ್ಬ ನಡೆದುಕೊಂಡು ಹೋಗುತ್ತಿದೆ. ಆಲ್ಕೋಯ್‌ನಲ್ಲೇ ಫಿಲಾಗಳಲ್ಲಿ ಹೆಣ್ಣುಮಕ್ಕಳು ಸಮಾನ ಸದಸ್ಯರಾಗಿ ಸಾಲಿನಲ್ಲಿ ನಡೆಯಲು ವರ್ಷಗಟ್ಟಲೆ ಜಗಳ ಆಡಬೇಕಾಯಿತು. ಆಗಲೂ 'ಹಿಂದಿನಿಂದ ಬಂದದ್ದು' ಎಂಬುದೇ ಉತ್ತರ. ಕಳ್ಳಸಾಗಣೆದಾರನನ್ನು 1276ಕ್ಕೆ ಸೇರಿಸಿಕೊಂಡವರಿಗೆ ಹೆಂಡತಿ ಮಗಳು ಮಾತ್ರ ಇತಿಹಾಸಕ್ಕೆ ಅಪಚಾರವಾಗಿ ಕಂಡಿದ್ದರು!

ಆ ಹಬ್ಬ ನಿಲ್ಲಿಸಬೇಕು, ಇದೆಲ್ಲ ಜನಾಂಗದ್ವೇಷ ಎನ್ನುವವರೂ ನನ್ನ ಆಫೀಸಿನಲ್ಲಿದ್ದಾರೆ. ಅವರ ಜೊತೆಗೂ ನನಗೆ ಜಮೆಯಾಗುವುದಿಲ್ಲ. ಅಷ್ಟು ಸಂಗೀತ, ಅಷ್ಟು ಹೊಲಿಗೆ, ಅಡುಗೆ, ಮುದುಕರೂ ಮಕ್ಕಳೂ ಒಂದೇ ಸಾಲಿನಲ್ಲಿ ನಡೆಯುವ ಸುಖ, ಇದನ್ನು ಒಂದು ಬೈಗುಳದಲ್ಲಿ ತಳ್ಳಿಹಾಕಲು ನಾನು ತಯಾರಿಲ್ಲ. ನಾನು ಕೇಳುವುದು ಇಷ್ಟು: ಅದೇ ಮರದ ಕೋಟೆಯ ಮೇಲಿಂದ ಆ ಎರಡು ಭಾಷೆಯ ಒಪ್ಪಂದವನ್ನು ಎರಡೂ ಭಾಷೆಯಲ್ಲಿ ಓದಿಸಿ, ಅರಬ್ಬಿ ಸಾಲುಗಳನ್ನು ಊರಿನ ಮೊರಾಕ್ಕೊ ಮೂಲದ ಹುಡುಗಿಯೊಬ್ಬಳು ಓದಲಿ. ಮೂರನೆಯ ದಿನ ಸಂತ ಜಾರ್ಜ್ ಬಾಣ ಬಿಟ್ಟ ಮೇಲೆ, 1609ರ ಆಜ್ಞೆಯನ್ನೂ ಡಂಗುರದವನು ಸಾರಲಿ. ಹತ್ತು ನಿಮಿಷ ಸಾಕು. ಪ್ರವಾಸಿಗರು ಕಡಿಮೆಯಾಗುತ್ತಾರೆ ಎಂದರೆ ಆಗಲಿ.

ಆ ಊರಿಗೆ ತನ್ನದೇ ಇನ್ನೊಂದು ಇತಿಹಾಸವೂ ಇದೆ. 1821ರಲ್ಲಿ ಸುತ್ತಲ ಹಳ್ಳಿಯ ನೂಲುಗಾರರು ಬಂದು ಗಿರಣಿಯ ಯಂತ್ರಗಳನ್ನು ಒಡೆದರು. 1873ರ ಜುಲೈನಲ್ಲಿ ಕಾರ್ಮಿಕರ ಮುಷ್ಕರ ದಂಗೆಯಾಯಿತು, ಮೇಯರ್ ಕೊಲೆಯಾದ. ಸ್ಪೇನಿನ ಕಾರ್ಮಿಕ ಚರಿತ್ರೆಯಲ್ಲಿ ಆಲ್ಕೋಯ್ ಹೆಸರು ಬರುವುದು ಅದಕ್ಕೆ. ಊರಿನ ಅತಿ ದೊಡ್ಡ ಮೂರು ದಿನಗಳು ಮಾತ್ರ 1276ಕ್ಕೆ ಮೀಸಲು. ಗಿರಣಿ ಮಾಲೀಕನೂ ಕೂಲಿಯೂ ಒಂದೇ ಫಿಲಾದಲ್ಲಿ ನಡೆಯಲು ಮೋರೋ ಬೇಕು, ಮುಷ್ಕರ ಬೇಡ.

ಈ ಆಟ ಸಮುದ್ರ ದಾಟಿಯೂ ಹೋಗಿದೆ. 1539ರಲ್ಲಿ ಮೆಕ್ಸಿಕೋದ ತ್ಲಾಸ್ಕಾಲಾದಲ್ಲಿ ಸ್ಪ್ಯಾನಿಷ್ ಪಾದ್ರಿಗಳು ಸ್ಥಳೀಯ ಜನರಿಂದಲೇ ಜೆರುಸಲೇಮ್ ಗೆಲ್ಲುವ ದೊಡ್ಡ ರೂಪಕ ಆಡಿಸಿದರು, ಸೋತ ತುರ್ಕರ ಪಾತ್ರದವರಿಗೆ ಕೊನೆಗೆ ನಿಜವಾದ ದೀಕ್ಷಾಸ್ನಾನ. ಫಿಲಿಪೀನ್ಸಿನಲ್ಲಿ 'ಮೋರೋ-ಮೋರೋ' ನಾಟಕವಾಯಿತು. ಅಲ್ಲಿ ಎದುರಾಳಿ ದಕ್ಷಿಣದ ದ್ವೀಪಗಳಲ್ಲಿ ಜೀವಂತವಾಗಿಯೇ ಇದ್ದ, ಸ್ಪ್ಯಾನಿಷರು ಅವರಿಗೆ ಇಟ್ಟ ಮೋರೋ ಎಂಬ ಹೆಸರು ಇಂದಿಗೂ ಉಳಿದಿದೆ, ಜಗಳವೂ ಬಹುಕಾಲ ಉಳಿಯಿತು. ನಮ್ಮ ನೆರೆಯ ಕೇರಳದ ಕ್ರೈಸ್ತರ ಚವಿಟ್ಟು ನಾಟಕದಲ್ಲಿ ಷಾರ್ಲಮೇನ್ ದೊರೆ ಮಲಯಾಳದ ಕಾರಲ್ಮಾನ್ ಆಗಿ ನೆಲ ಒದ್ದು ಕುಣಿಯುವುದು ಪೋರ್ಚುಗೀಸರ ಕಾಲದಿಂದ. ಆಲ್ಕೋಯ್‌ನಿಂದ ಪುಣೆಗೆ ತರಿಸಬೇಕೆನ್ನುವವರು ಯಾವ ಮಾದರಿ ಬರುತ್ತದೆ ಎಂದು ನೋಡಿಕೊಂಡು ಆರ್ಡರ್ ಮಾಡಲಿ.

ಇನ್ನು ರಾಯಚೂರು. ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ ಯುದ್ಧ, ಸರಿ. ಆದರೆ ಅಲ್ಲಿ ರಾಯನ ಪರವಾಗಿ ಕೋಟೆಯ ಮೇಲಿನವರಿಗೆ ಗುರಿಯಿಟ್ಟವರಲ್ಲಿ ಕ್ರಿಸ್ತೊವಾವ್ ದಿ ಫಿಗೆರೇದೋ ಎಂಬ ಪೋರ್ಚುಗೀಸನ ಬಂದೂಕುಗಾರರಿದ್ದರು. ವಿಜಯನಗರದ ಸೈನ್ಯದಲ್ಲಿ ಮುಸ್ಲಿಮ್ ಯೋಧರಿಗೆ ಜಾಗ ಸಿಕ್ಕಿ ಆಗಲೇ ನೂರು ವರ್ಷದ ಹತ್ತಿರ. ಇಮ್ಮಡಿ ದೇವರಾಯನ ಕಾಲದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಕಟ್ಟಡ ಹಂಪಿಯಲ್ಲಿ ಇಂದಿಗೂ ನಿಂತಿದೆ. ಕೃಷ್ಣದೇವರಾಯನ ಬಿರುದುಗಳಲ್ಲಿ ಒಂದು 'ಯವನರಾಜ್ಯ ಸ್ಥಾಪನಾಚಾರ್ಯ'. ಪ್ರಸ್ತಾಪದ ಪಿಡಿಎಫ್‌ನಲ್ಲಿ ಇದ್ಯಾವುದೂ ಇಲ್ಲ. ಅದರಲ್ಲಿರುವುದು ಕೇಸರಿ ಸೈನ್ಯ, ಹಸಿರು ಸೈನ್ಯ, ಡಿಜೆ.

ಆಲ್ಕೋಯ್‌ನಲ್ಲಿ ಇಲ್ಲದಿದ್ದ ಪಕ್ಕದ ಮನೆಯವನು ಇಲ್ಲಿ ಇದ್ದಾನೆ. ನಮ್ಮ ಬಳಗದ ನಾಟಕಗಳಿಗೆ ಹನ್ನೆರಡು ವರ್ಷದಿಂದ ಮೇಕಪ್ ಮಾಡುತ್ತಿರುವವನು ವಿಜಯಪುರದ ಗೆಳೆಯ, ಅವನ ಇಬ್ಬರು ಹೆಣ್ಣುಮಕ್ಕಳು ನಮ್ಮ ಭಾನುವಾರದ ಕನ್ನಡ ಶಾಲೆಯಲ್ಲಿ ಕಲಿತವರು. ಪ್ರಸ್ತಾಪ ಬಂದ ದಿನ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಎರಡು ದಿನ ಬಿಟ್ಟು ನನಗೊಬ್ಬನಿಗೇ ಫೋನ್ ಮಾಡಿ, ಹಸಿರು ಸೈನ್ಯಕ್ಕೆ ಗಡ್ಡ ಅಂಟಿಸುವ ಕೆಲಸ ತನ್ನ ಪಾಲಿಗೇ ಬರುತ್ತದಲ್ಲವೇ ಎಂದು ನಗುತ್ತಾ ಕೇಳಿದ. ನಾನು ನಗಲಿಲ್ಲ.

ಮುಂದಿನ ತಿಂಗಳ ಸಭೆಯಲ್ಲಿ ಇದು ಮತಕ್ಕೆ ಬರುತ್ತದಂತೆ. ಪ್ರಸ್ತಾಪಿಸಿದವರಲ್ಲಿ ಒಂದೇ ಕೋರಿಕೆ. ಆಲ್ಕೋಯ್‌ನಲ್ಲಿ ಮೋರೋ ಕ್ಯಾಪ್ಟನ್ ಆಗಲು ಒಂದು ಫಿಲಾ 14 ವರ್ಷ ಕಾಯುತ್ತದೆ, ಅಪ್ಪ ಮಗನ ಉಡುಪಿಗೆ ದುಡ್ಡು ಕೂಡಿಡುತ್ತಾನೆ. ಮೈದಾನದ ಅಡ್ವಾನ್ಸ್ ಕೊಡುವ ಮೊದಲು ಪಾತ್ರವರ್ಗದ ಪಟ್ಟಿಯನ್ನು ಗುಂಪಿಗೆ ಹಾಕಿ. ಇಸ್ಮಾಯಿಲ್ ಆದಿಲ್ ಶಾಹನ ಪಾತ್ರಕ್ಕೆ ಆ ಹದಿನೇಳು ಜನರಲ್ಲಿ ಯಾರು ತಮ್ಮ ಮಗನ ಹೆಸರು ಬರೆಸುತ್ತೀರಿ?